ಕಿಟಕಿಯ ಬಿಳಿ ಕಲೆ

ಉಸಿರಾಡಿದವರನ್ನು ಕೊಲ್ಲುವ ಬಿಳಿ ಮಂಜನ್ನು ಸಮುದ್ರ ಉಗುಳತೊಡಗಿದ ಮೇಲೆ, ಬಾಹ್ಯಾಕಾಶ ನಿಲ್ದಾಣದಿಂದ ಯಾರಾದರೂ ಕಣ್ಣಾರೆ ನೋಡಿ ಹೇಳದೆ ತದಡಿಯ ಬೋಟುಗಳು ಬಂದರು ಬಿಡುತ್ತಿರಲಿಲ್ಲ. ಇವತ್ತಿನ ಪಾಳಿ ನಾಗವೇಣಿಯದು.

"ತಂಗೀ, ಬೋಟ್ ಬಿಡ್ಲಕ್ಕಾ?" ಕೆಳಗಿನಿಂದ ಗಣಪು ಹರಿಕಂತ್ರರು ರೇಡಿಯೊದಲ್ಲಿ ಕೇಳಿದರು.

ನಾಗವೇಣಿ ಕಿಟಕಿಗೆ ಮೂಗು ತಾಗಿಸಿ ನೋಡಿದಳು. ನೀಲಿಯ ನಡುವೆ ಉಗುರಿನಷ್ಟು ಬಿಳಿ ಕಲೆ. ಅವಳ ಉಸಿರು ಗಾಜಿಗೆ ತಾಗಿ ದಿನವೂ ಹೀಗೇ ಆಗುತ್ತಿತ್ತು. ಒರೆಸುವ ಬಟ್ಟೆಗೆ ಕೈ ಚಾಚುತ್ತಲೇ ಹೇಳಿದಳು: "ಅಡ್ಡಿಲ್ಲ ಗಣಪಣ್ಣ, ಹೋಗ್ಬನ್ನಿ."

"ಹಂಗಾರೆ ಎಲ್ಲಾ ಬೋಟೂ ಬಿಡ್ತೇವೆ. ಮೀನು ಕಾಣದೆ ವಾರ ಆಯ್ತು."

ಬಟ್ಟೆ ಹಿಡಿದು ತಿರುಗುವಷ್ಟರಲ್ಲಿ ಕಲೆ ಇದ್ದಲ್ಲಿ ಇರಲಿಲ್ಲ. ತದಡಿಯ ಕರಾವಳಿಯ ಜೊತೆಗೇ ಕಿಟಕಿಯ ಅಂಚಿಗೆ ಸರಿದಿತ್ತು. ಗಾಜಿನ ಕಲೆಯಾಗಿದ್ದರೆ ಗಾಜನ್ನು ಬಿಟ್ಟು ಹೋಗುತ್ತಿರಲಿಲ್ಲ.

ಇನ್ನರ್ಧ ನಿಮಿಷಕ್ಕೆ ರೇಡಿಯೊ ಸಂಪರ್ಕ ಕಡಿಯುತ್ತದೆ. ನಿಲ್ದಾಣ ಮತ್ತೆ ಇಲ್ಲಿಗೆ ಬರಲು ತೊಂಬತ್ತು ನಿಮಿಷ ಬೇಕು. ಬೋಟುಗಳು ಆ ಬಿಳುಪನ್ನು ಮುಟ್ಟಲು ನಲವತ್ತು ಸಾಕು.

"ಗಣಪಣ್ಣಾ, ಬೇಡ! ನಿಲ್ಸಿ! ಮಂಜಿದೆ!"

ಅತ್ತ ಎಂಜಿನ್ನುಗಳು ಒಂದರ ಹಿಂದೆ ಒಂದು ಶುರುವಾಗುತ್ತಿದ್ದವು.

"ಈ ಸದ್ದಿಗೆ ಏನೂ ಕೇಳೂದಿಲ್ಲ ತಂಗೀ," ಗಣಪು ನಗುತ್ತ ಕೂಗಿದರು. "ನಾಳೆ ಮಾತಾಡ್ವ!"