ತೇಲುವ ಸಂತೆಯ ಕೋಸಂಬರಿ

ಬಸ್ಸಿನಲ್ಲಿ ಪಕ್ಕದವರು ಮೊಟ್ಟೆ ಬಿಡಿಸಿದರೆ ಎದ್ದು ಬೇರೆ ಸೀಟಿಗೆ ಹೋಗುವ ಅತ್ತೆ, ಬ್ಯಾಂಕಾಕಿನ ತೇಲುವ ಸಂತೆಗೆ ಇವತ್ತೂ ಹೋಗೋಣವೆಂದು ಹಟ ಹಿಡಿದರು. ಪ್ರವಾಸಕ್ಕೆ ಬಂದಿದ್ದ ಉಳಿದವರೆಲ್ಲ ಅರಮನೆ ನೋಡಲು ಹೋದರು.

ಅತ್ತೆಯ ಜೊತೆ ಹೊರಟವಳು ಸೊಸೆ ಶರ್ವಾಣಿ ಒಬ್ಬಳೇ. ನಿನ್ನೆ ದೋಣಿಯಲ್ಲಿ ಕೂತು ಮಾರುವ ಹೆಂಗಸಿನ ಹತ್ತಿರ ಪರಂಗಿಕಾಯಿ ಕೋಸಂಬರಿ ಕೊಡಿಸಿದವಳು ಅವಳೇ. "ಬರೀ ತರಕಾರಿ ಅತ್ತೆ, ಧೈರ್ಯವಾಗಿ ತಿನ್ನಿ" ಎಂದವಳೂ ಅವಳೇ. ಅತ್ತೆ ತಟ್ಟೆ ಬರಿದು ಮಾಡಿದ ಮೇಲೆ, ಕೋಸಂಬರಿಗೆ ಸುರಿದಿದ್ದ ಬಾಟಲಿಯ ಮೇಲೆ ಮೀನಿನ ಚಿತ್ರ ಕಂಡಿತ್ತು. ಅವಳು ಬಾಯಿ ಬಿಟ್ಟಿರಲಿಲ್ಲ.

ದೋಣಿ ಹತ್ತಿರ ಬರುತ್ತಲೇ ಅತ್ತೆ, "ನಿನ್ನೆದೇ ಕೊಡಿಸೇ" ಎಂದರು.

"ಬೇಡ ಅತ್ತೆ. ಎಳನೀರು ಕುಡಿಯೋಣ."

"ಎಳನೀರು ಕುಡಿಯೋಕೆ ವಿಮಾನ ಹತ್ತಿ ಬರಬೇಕಿತ್ತಾ? ಮದ್ದೂರಲ್ಲಿ ಸಿಗಲ್ವಾ?"

ಆ ಹೆಂಗಸು ಆಗಲೇ ಒರಳಿನಲ್ಲಿ ಪರಂಗಿಕಾಯಿ ಕುಟ್ಟಿ, ಬಾಟಲಿಯ ಮುಚ್ಚಳಕ್ಕೆ ಕೈಹಾಕಿದ್ದಳು. ಶರ್ವಾಣಿಗೆ ಇನ್ನು ತಡೆಯಲಾಗಲಿಲ್ಲ.

"ಅದು ಮೀನಿನ ರಸ ಅತ್ತೆ. ನಿನ್ನೆನೂ ಹಾಕಿದ್ಲು. ನಾನು ನೋಡಿಯೂ ಹೇಳಲಿಲ್ಲ. ಇಷ್ಟು ವರ್ಷದ ನಿಮ್ಮ ನೇಮ ಕೆಡಿಸಿಬಿಟ್ಟೆ, ತಪ್ಪಾಯ್ತು" ಎಂದು ಅತ್ತೇಬಿಟ್ಟಳು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಟ್ಟೆಗೆ ಕೈಚಾಚಿದರು.

"ಮೊದಲ ತುತ್ತಿಗೇ ಗೊತ್ತಾಯ್ತು ಕಣೇ. ಮದುವೆಯಾದ ಮೇಲೆ ನಮ್ಮಮ್ಮನ ಮನೆ ಊಟ ಉಂಡ ಹಾಗಾಗಿದ್ದು ನಿನ್ನೆನೇ."