ಹದಿನಾರರ ಮಾಡೆಲ್ ವ್ಯಾನು

ಬಾಗಿಲಿನ ಹಿಡಿ ಸವಿತಾಳ ಕೈಗೇ ಕಿತ್ತು ಬಂತು. ಅಷ್ಟರಲ್ಲಿ ವ್ಯಾನು ಪೀಣ್ಯದ ಕಾರ್ಖಾನೆಗಳ ಸಾಲು ದಾಟಿ ತುಮಕೂರು ರಸ್ತೆಯ ಮೇಲ್ಸೇತುವೆ ಹತ್ತುತ್ತಿತ್ತು. ಇನ್ನು ನಡುವೆ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ.

"ಸಾಕ್ರೀ. ವಾಪಸ್ ತಿರುಗಿಸ್ರಿ," ಎಂದಳು, ಕಿತ್ತ ಹಿಡಿಯನ್ನು ಸೆರಗಿನಡಿ ಮುಚ್ಚಿಕೊಂಡು.

ಸ್ಟೀರಿಂಗ್ ಹಿಡಿದಿದ್ದವನು ಅವಳತ್ತ ತಿರುಗಲಿಲ್ಲ. "ಎಂಜಿನ್ ಚೆನ್ನಾಗಿ ಬಿಸಿ ಆಗ್ಲಿ ಮೇಡಂ. ಆಮೇಲೆ ನಿಜ ತಾನಾಗೇ ಹೊರಗೆ ಬರುತ್ತೆ."

ಬಾಗಲಗುಂಟೆಯಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರನ್ನು ಕರೆದೊಯ್ಯಲು ಸವಿತಾಳಿಗೆ ದೊಡ್ಡ ವ್ಯಾನು ಬೇಕಿತ್ತು. ಮೊದಲಿನದನ್ನು ಬಣ್ಣದ ಹೊಳಪು ನೋಡಿ ಕೊಂಡಿದ್ದಳು. ಅದು ಎರಡು ಸಾವಿರದ ಹದಿಮೂರನೇ ಇಸವಿಯದು. ಆ ವರ್ಷದವುಗಳಲ್ಲಿ ಗೇರು ನಿಲ್ಲುವುದಿಲ್ಲವೆಂದು ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ವ್ಯಾನು ಹಿಂದಕ್ಕೆ ಉರುಳಿತು. ಇಳಿಯುತ್ತಿದ್ದ ಹೆಂಗಸರಲ್ಲಿ ಭಾಗ್ಯಶ್ರೀಯ ಕಾಲು ಮುರಿಯಿತು. ಹದಿನಾರರಿಂದೀಚೆಗಿನವು ವಾಸಿ ಎಂದು ಆಮೇಲೆ ಕೇಳಿದವರೆಲ್ಲ ಹೇಳಿದರು. ಅದಕ್ಕಿಂತ ಹಳೆಯದನ್ನು ಮುಟ್ಟುವುದೇ ಇಲ್ಲವೆಂದು ಅವಳು ಆಣೆ ಹಾಕಿಕೊಂಡಿದ್ದಳು.

ಈ ವ್ಯಾನಿನ ಜಾಹೀರಾತಿನಲ್ಲಿ ಹದಿನಾರರ ಮಾಡೆಲ್ ಎಂದಿತ್ತು. "ನಾನಿಲ್ದಿದ್ರೂ ನಮ್ಮೋರು ಯಾರಾನ ಇರ್ತಾರೆ ಕಣಮ್ಮ, ಕೀ ಗಾಡೀಲೇ ಇರ್ತದೆ," ಎಂದು ಮಾಲೀಕ ಲಕ್ಷ್ಮಯ್ಯ ಫೋನಿನಲ್ಲಿ ಹೇಳಿದ್ದರು. ಅವಳು ಹೋದಾಗ ವ್ಯಾನು ನಿಲ್ಲಿಸಿದ್ದ ಖಾಲಿ ಸೈಟಿನಲ್ಲಿ ಈತ ಬಾನೆಟ್ ಎತ್ತಿಕೊಂಡು ನಿಂತಿದ್ದ.

"ವ್ಯಾನಿನ ವಿಷಯಕ್ಕ ಬಂದೀನ್ರಿ."

"ನಿಮಗೇ ಕಾಯ್ತಿದ್ದೆ. ಹತ್ತಿ, ಒಂದು ರೌಂಡ್ ಹೋಗೋಣ."

ಹತ್ತಿದ್ದೇ ತಪ್ಪಾಯಿತು. ಗಾಜು ಇಳಿಯುತ್ತಿರಲಿಲ್ಲ. ತಿರುವೊಂದರಲ್ಲಿ ಬ್ಯಾಗು ಜಾರಿ ಹಿಂದಿನ ಸೀಟುಗಳಡಿ ಸೇರಿತ್ತು, ಮೊಬೈಲೂ ಅದರೊಳಗೇ. ಕಿಟಕಿಯ ಮೂಲೆಯಲ್ಲಿ ಗಾಜು ತಯಾರಾದ ಇಸವಿಯ ಗುರುತಿರುತ್ತದೆಂದು ಅವಳು ಕಲಿತಿದ್ದಳು. ಬಗ್ಗಿ ನೋಡಿದಳು. ಅಷ್ಟು ಜಾಗವನ್ನು ಯಾರೋ ಉಜ್ಜಿ ಅಳಿಸಿದ್ದರು.

"ನಿಜ ಹೇಳಿ ಮೇಡಂ. ಇದು ಯಾವ ವರ್ಷದ್ದು?" ಆತ ಥಟ್ಟನೆ ಕೇಳಿದ.

"ಹದಿನಾರು ಅಂತ ಬರದಿತ್ತಲ್ರಿ."

"ಬರೆಯೋಕೇನು? ಏನ್ ಬೇಕಾದ್ರೂ ಬರೀಬಹುದು."

ಅವಳು ಬಾಗಿಲತ್ತ ಸರಿದಳು. ಜಾಹೀರಾತು ಸುಳ್ಳೆಂದು ನಗುತ್ತ ಹೇಳುತ್ತಿದ್ದಾನೆ. ಅಂದರೆ ಇವನ ಉದ್ದೇಶವೇ ಬೇರೆ.

"ನನಗ ಇಳೀಬೇಕ್ರಿ."

"ಏನೋ ಮುಚ್ಚಿಡ್ತಿದ್ದೀರ ನೀವು." ಅವನ ಕಣ್ಣು ಅವಳ ಸೆರಗಿನತ್ತ ಹೊರಳಿತು. "ಅದೇನು ಅಂತ ಗೊತ್ತಾಗೋವರೆಗೂ ನಾನು ನಿಲ್ಸಲ್ಲ."

ಪಕ್ಕದಲ್ಲಿ ಬಸ್ಸೊಂದು ಸಾಗುತ್ತಿತ್ತು. ಗಾಜು ಬಡಿದಳು. ಕಿಟಕಿಯಲ್ಲಿ ಕುಳಿತ ಹೆಂಗಸು ಇವಳನ್ನು ನೋಡಿ ಮುಗುಳ್ನಕ್ಕಳು. ಬಸ್ಸು ಮುಂದೆ ಹೋಯಿತು.

ಮೇಲ್ಸೇತುವೆ ಇಳಿದ ಮೇಲೆ ಲಾರಿಯೊಂದು ಅಡ್ಡ ಬಂದು ವ್ಯಾನಿನ ವೇಗ ತಗ್ಗಿತು. ಸವಿತಾ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಳು. ವ್ಯಾನು ಮುಗ್ಗರಿಸಿ ರಸ್ತೆಯಂಚಿಗೆ ನಿಂತಿತು, ಎಂಜಿನ್ ಆರಿತು.

"ಹುಚ್ಚು ಗಿಚ್ಚು ಹಿಡೀತಾ ನಿಮಗೆ?" ಆತ ಕಿರುಚಿದ. ಹಣೆಯ ತುಂಬ ಬೆವರು.

ಅವಳು ಸೀಟುಗಳ ನಡುವೆ ನುಸುಳಿ ಹಿಂದಕ್ಕೆ ಓಡಿದಳು. ಹಿಂಬಾಗಿಲೂ ಜಪ್ಪಯ್ಯ ಎನ್ನಲಿಲ್ಲ. ಕಾಲಡಿಯ ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಲಕ್ಷ್ಮಯ್ಯ!

"ಬರ್ಬೇಡ ಕಣಮ್ಮ," ಮುದುಕರ ದನಿ ನಡುಗುತ್ತಿತ್ತು. "ಉಂಡು ಬರೋಷ್ಟ್ರಲ್ಲಿ ಗಾಡೀನೇ ಇಲ್ಲ. ಯಾರೋ ಹೊಡ್ಕಂಡು ಹೋಗವ್ರೆ. ಪೊಲೀಸ್ನೋರಿಗೆ ಯೋಳಿದೀನಿ."

ಫೋನು ಕೈಜಾರಿತು. ಕಳ್ಳ. ಬಾಗಿಲು ತೆರೆಯದ ವ್ಯಾನಿನೊಳಗೆ ಕಳ್ಳನೂ ತಾನೂ ಇಬ್ಬರೇ. ಅವಳು ಮುರಿದ ಹಿಡಿಯನ್ನು ಚೂರಿಯಂತೆ ಮುಂದೆ ಚಾಚಿದಳು.

"ಹತ್ರ ಬಂದೀ ಅಂದ್ರ ನೋಡು ಮತ್ತ!"

ಆತ ಎರಡೂ ಕೈ ಮೇಲೆತ್ತಿದ. ಆಗ ಅವನ ಅಂಗಿಯ ಜೇಬಿನಲ್ಲೂ ಫೋನು ಮೊಳಗಿತು. ಅವಳ ಮೇಲಿನ ಕಣ್ಣು ಕೀಳದೆ, ಮೆಲ್ಲಗೆ ಒಂದು ಕೈ ಇಳಿಸಿ, ತಡವರಿಸುತ್ತ ಸ್ಪೀಕರ್ ಒತ್ತಿದ. ಅದೇ ನಡುಗುವ ದನಿ ವ್ಯಾನಿನ ತುಂಬ ಕೇಳಿಸಿತು.

"ವೀರೇಶ್ ಸಾರಾ? ವ್ಯಾನ್ ನೋಡಕ್ಕೆ ಬರ್ಬೇಡಿ ಸಾರ್, ಕಳ್ತನ ಆಗೋಯ್ತು. ಕದ್ದೋರು ಇಬ್ರಂತೆ, ಅದ್ರಲ್ಲಿ ಒಬ್ಳು ಹೆಂಗಸಂತೆ!"