ತಂತಿಗೆ ಕಟ್ಟಿದ ವಿಮಾನ

"ಯಾವ ದೇಶದ್ದಲೇ ಇದು?"

ಹನುಮಂತರಾಜು ಲಾಠಿಯ ತುದಿಯಿಂದ ವಿಮಾನದ ಹೊಟ್ಟೆ ತಿವಿದ. ಮೊಳ ಉದ್ದದ ವಿಮಾನ ತುಟಿಪಿಟಕ್ಕೆನ್ನಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಾರುತೇಶ್ ತಲೆಯೆತ್ತಿ, "ಕುದಾಪುರದ್ದು ಸರ್," ಎಂದ.

ಉತ್ತರ ನೇರವಾಗಿತ್ತು. ಅದಕ್ಕೇ ಅನುಮಾನ ಹೆಚ್ಚಾಯಿತು.

ಕುದಾಪುರದ ಹುಲ್ಲುಗಾವಲಿಗೆ ಹೊಸದಾಗಿ ಬೇಲಿ ಬಿದ್ದಿತ್ತು. ಒಳಗೆ ಮುಂದೊಂದು ದಿನ ಭಾರೀ ಕಟ್ಟಡಗಳು ಏಳುತ್ತವಂತೆ. ಸದ್ಯಕ್ಕೆ ಮೊಣಕಾಲುದ್ದದ ಹುಲ್ಲು ಎದ್ದಿತ್ತು. ಆ ಹುಲ್ಲಿನ ಗೇಟಿಗೆ ಹನುಮಂತರಾಜು ಕಾವಲುಗಾರ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಒಳಗೆ ಏನಾದರೂ ನುಗ್ಗಿತೋ, ಅವತ್ತೇ ನೀನು ಮನೆಗೆ," ಎಂದು ಸೂಪರ್‌ವೈಸರ್ ಹೇಳಿದ್ದ. ಚಳ್ಳಕೆರೆಯಲ್ಲಿ ಹೆಂಡತಿ ಗೀತಮ್ಮ ಗಂಡನದು ಸರ್ಕಾರಿ ಕೆಲಸವೆಂದು ಆಗಲೇ ಓಣಿಗೆಲ್ಲ ಡಂಗುರ ಸಾರಿದ್ದಳು. ಈ ಕೆಲಸ ಹೋದರೆ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಹುಲ್ಲು ನಮ್ಮದೆಂದು ಊರಿನವರು ಮೊದಮೊದಲು ಗೇಟಿನ ಮುಂದೆ ಬಾಯಿ ಬಡಿದುಕೊಂಡಿದ್ದರು. ಅವನು ಮೀಸೆ ತಿರುವಿ ಗದರಿದ. ಆಮೇಲೆ ಯಾರೂ ಬರಲಿಲ್ಲ. ತನ್ನ ಮೀಸೆಗೆ ಇಷ್ಟು ಶಕ್ತಿಯಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ನೆಲದ ಶತ್ರುಗಳು ಹೀಗೆ ಮುಗಿದ ಮೇಲೆ ಆಕಾಶವೊಂದು ಬಾಕಿಯಿತ್ತು. ಇವತ್ತು ಮಧ್ಯಾಹ್ನ ಆಚೆಯ ಬಯಲಿನಲ್ಲಿ ಗುಂಯ್ ಎಂದದ್ದೇ ತಡ, ಊಟದ ಡಬ್ಬಿ, ಗೇಟು ಎರಡನ್ನೂ ತೆರೆದಂತೆಯೇ ಬಿಟ್ಟು ಓಡಿಬಂದಿದ್ದ.

"ರೆಕ್ಕೆ ಯಾವುದರದ್ದು?"

"ಹಣ್ಣಿನ ಪೆಟ್ಟಿಗೆ ಹಲಗೆ ಸರ್. ಮೇಲೆ ಮೊಳಕಾಲ್ಮೂರು ರೇಷ್ಮೆ ಚೂರು, ಗಂಜಿ ಹಾಕಿ ಬಿಗಿದೀನಿ."

"ಚಕ್ರ?"

"ಹವಾಯಿ ಚಪ್ಪಲಿ."

"ಎಂಜಿನ್?"

"ನಾನೇ ಲೇತಲ್ಲಿ ತಿರುವಿದ್ದು."

ಶತ್ರುದೇಶಕ್ಕೆ ಹವಾಯಿ ಚಪ್ಪಲಿಯ ಗತಿ ಬಂತೆಂದು ಹನುಮಂತರಾಜುವಿಗೆ ಒಳಗೊಳಗೇ ಖುಷಿಯಾಯಿತು.

"ಈ ತಂತಿಗಳು?"

"ಬೈಕಿನ ಬ್ರೇಕ್ ಕೇಬಲ್ ಎಳೆ ಸರ್. ಇದನ್ನ ಹಿಡ್ಕಂಡು ನಡುವೆ ನಿಂತು ತಿರುಗಬೇಕು. ವಿಮಾನ ಸುತ್ತಲೂ ಹಾರುತ್ತೆ. ಬೇಲಿ ದಾಟಲ್ಲ."

"ಅದನ್ನ ನಾನು ಪರೀಕ್ಷೆ ಮಾಡ್ತೀನಿ. ತಂತಿಯ ಹಿಡಿ ನನ್ನ ಕೈಗೆ ಕೊಡು."

ಅಷ್ಟರಲ್ಲಿ ಜನ ಸೇರಿದ್ದರು. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕೋಲು. ಊರಿನ ಗಂಡಸರೆಲ್ಲ ಮಾಡಲು ಕೆಲಸವಿಲ್ಲದಂತೆ ಸುತ್ತಲೂ ನಿಂತರು.

"ಎಣ್ಣೆ ಮುಗಿಯೋವರೆಗೂ ಕೈ ಬಿಡಬ್ಯಾಡ್ರಿ ಸರ್, ಬಿದ್ರೆ ಪುಡಿಪುಡಿ," ಎಂದ ಮಾರುತೇಶ್. "ಕಣ್ಣು ವಿಮಾನದ ಮ್ಯಾಲೇ ಇರಲಿ. ಆಚೆಈಚೆ ನೋಡಿದ್ರೆ ತಲೆ ತಿರುಗುತ್ತೆ."

ಪುಡಿಯಾದ ಸಾಕ್ಷಿಯನ್ನು ಯಾವ ಸೂಪರ್‌ವೈಸರ್ ನಂಬುತ್ತಾನೆ? ಹನುಮಂತರಾಜು ಹಿಡಿಯನ್ನು ಬಿಗಿಯಾಗಿ ಹಿಡಿದ.

ಎಂಜಿನ್ ಅರಚಿತು. ಹರಳೆಣ್ಣೆಯ ಹೊಗೆ ಎದ್ದಿತು. ವಿಮಾನ ಹಾರಿತು, ಅವನು ತಿರುಗಿದ. ಗಾಣದ ಎತ್ತಾದರೂ ನಡುನಡುವೆ ನಿಲ್ಲುತ್ತದೆ, ಅವನು ನಿಲ್ಲಲಿಲ್ಲ.

"ಅವಸರ ಬ್ಯಾಡ ಸಾಹೇಬ್ರೆ, ಹೊಟ್ಟೆ ತುಂಬೋವರೆಗೂ ಹಾರಿಸ್ರಿ!" ಮಾರುತೇಶನ ಅವ್ವ ಸಿದ್ದಕ್ಕ ದೂರದಿಂದ ಕೂಗಿದಳು.

ಇವತ್ತಿನವರೆಗೆ ಅವನನ್ನು ಯಾರೂ ಸಾಹೇಬರೆಂದಿರಲಿಲ್ಲ. ಎದೆ ತುಂಬಿ ಬಂತು. ಆದರೂ ಕಾಲು ಸೋಲುತ್ತಿತ್ತು.

"ಎಣ್ಣೆ ಇನ್ನೂ ಮುಗಿದಿಲ್ವೇನಲೇ?"

"ಟ್ಯಾಂಕ್ ಸ್ವಲ್ಪ ದೊಡ್ಡದೇ ಮಾಡಿದೀನಿ ಸರ್. ನಿಮಗೆ ಅಂತಲೇ."

ಕೊನೆಗೂ ಎಂಜಿನ್ ಕೆಮ್ಮಿ ಸುಮ್ಮನಾಯಿತು. ವಿಮಾನ ತೇಲಿಕೊಂಡು ಬಂದು ನೆಲ ಮುಟ್ಟಿತು. ಹನುಮಂತರಾಜು ದೊಪ್ಪನೆ ಕುಸಿದು ಕೂತ. ಸಾಕ್ಷಿ ಮುಕ್ಕಾಗಿರಲಿಲ್ಲ, ಬೇಲಿಯನ್ನೂ ದಾಟಿರಲಿಲ್ಲ. ಕೆಲಸ ಉಳಿಯಿತು, ಇಷ್ಟು ನಿಷ್ಠೆಗೆ ಕಾಯಂ ಆದರೂ ಆದೀತು.

"ನನ್ನ ಕಣ್ಣು ತಪ್ಪಿಸಿ ಒಳಗೆ ಏನೂ ಹೋಗಲ್ಲ," ಎಂದು ಕೂತಲ್ಲಿಂದಲೇ ಸಾರಿದ.

"ಎಲ್ಲಾದ್ರೂ ಉಂಟಾ ಸರ್," ಎಂದರು ಕಂಬಳಿಯವರು.

ಭೂಮಿ ತಿರುಗುತ್ತಿತ್ತು. ಆಕಾಶ, ಬೇಲಿ, ಗೇಟು ಎಲ್ಲವೂ ತಿರುಗುತ್ತಿದ್ದವು. ಅವುಗಳ ನಡುವೆ ನೂರಾರು ಕುರಿಗಳೂ ತಿರುಗಿದಂತೆ ಕಂಡವು. ತಲೆಸುತ್ತು ಎಂದರೆ ಇದೇ ಇರಬೇಕು ಎಂದುಕೊಂಡು ಅವನು ನಕ್ಕು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಭೂಮಿ ನಿಂತಿತ್ತು, ಆಕಾಶ ನಿಂತಿತ್ತು. ಗೇಟಿನ ಒಳಗಿನಿಂದ ಕುರಿಗಳು ಮಾತ್ರ ಬರುತ್ತಲೇ ಇದ್ದವು.